ಕಾಲವಿಭಾಗವೂ ಗೃಹವ್ಯವಸ್ಥೆಯೂ

 

ಕೆಲಸಕ್ಕೆ ಹೊತ್ತು ಸಾಲದೆಂಬ ಮಾತನ್ನು ಆಡದ ಮನುಷ್ಯನು ಈ ಕಾಲದಲ್ಲಿ ವಿರಳ. ಒಕ್ಕಲಿಗನೂ ಅದನ್ನೇ ಆಡುತ್ತಾನೆ, ಅಂಗಡಿಕಾರನೂ ಅದನ್ನೇ ಆಡುತ್ತಾನೆ, ಕಚೇರಿಯ ನೌಕರನಂತೂ ದಿನಕ್ಕೆ ಹತ್ತು ಸಾರೆ ಆಡುತ್ತಾನೆ. ಆದರೆ ಅರಸನಿಗೂ ದಿನಕ್ಕೆ ಅರವತ್ತೇ ಗಳಿಗೆ, ಆಳಿಗೂ ಅರವತ್ತೇ ಗಳಿಗೆ. ಹೀಗಿರಲು ಒಬ್ಬನ ಮನೆಯಲ್ಲಿ ಕೇಳಿದ ಕಾಗದವು ಕೇಳಿದ ಕೂಡಲೆ ಕೈಗೆ ಬರುವದಕ್ಕೂ, ಇನ್ನೊಬ್ಬನ ಮನೆಯಲ್ಲಿ ಕಂದಾಯದ ಒಂದು ಪಾವತಿಗಾಗಿ ಮೂರು ಪೆಟ್ಟಿಗೆಗಳನ್ನು ಬೋರಲು ಹಾಕುವದಕ್ಕೂ ಕಾರಣವೇನು? ಈ ಹೊತ್ತಿನ ಉಪನ್ಯಾಸದಲ್ಲಿ ವಿಚಾರಿಸತಕ್ಕದ್ದು ಇಷ್ಟೇ.

ಈ ವಿಷಯವನ್ನು ನಮ್ಮ ಹಿರಿಯರು ಸಣ್ಣದೆಂದು ಬಿಟ್ಟವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ರಾಜನ ದಿನಚರಿಯನ್ನು ಹೇಳುವ ಅಧ್ಯಾಯವೊಂದುಂಟು. ಹಗಲನ್ನು ಎಂಟು ಭಾಗ, ಇರುಳನ್ನು ಎಂಟು ಭಾಗ ಮಾಡಿ, ಒಂದೊಂದಕ್ಕೆ ಒಂದೊಂದು ಕಾರ್ಯವನ್ನು ಆತನು ಗೊತ್ತುಪಡಿಸಿದ್ದಾನೆ. ನಮ್ಮ ಲೆಕ್ಕದಲ್ಲಿ ಒಂದು ಭಾಗಕ್ಕೆ ಮೂರು ಮುಕ್ಕಾಲು ಗಳಿಗೆ, ಎಂದರೆ ಒಂದೂವರೆ ತಾಸು. ಹಗಲಿನ ಮೊದಲನೆಯ ಭಾಗದಲ್ಲಿ ರಕ್ಷಣೆಯ ವಿಷಯವನ್ನೂ ಆಯವ್ಯಯವನ್ನೂ ಕೇಳತಕ್ಕದ್ದು. ಎರಡನೆಯದರಲ್ಲಿ ಊರವರ ಮತ್ತು ನಾಡವರ ಕಾರ್ಯಗಳನ್ನು ನೋಡತಕ್ಕದ್ದು. ಮೂರನೆಯದರಲ್ಲಿ ಸ್ನಾನ, ಭೋಜನ, ಸ್ವಾಧ್ಯಾಯ. ಮುಂದೆ ಅಧಿಕಾರಿಗಳ ನೇಮಕ, ಮಂತ್ರಿಪರಿಷತ್ತಿಗೆ ಪತ್ರ ಬರೆಯುವದು, ವಿಹಾರ, ಸೇನೆಯ ಪರಾಂಬರಿಕೆ. ಓದುವದಕ್ಕೂ ವಿಹಾರಕ್ಕೂ ಸಹ ಅಲ್ಲಿ ಸ್ಥಾನವಿದೆಯೆಂಬದನ್ನು ಗಮನಿಸಬೇಕು. ದುಡಿತವೊಂದನ್ನೇ ತುಂಬಿಟ್ಟ ದಿನಚರಿಯು ಬಹುದಿನ ನಡೆಯಲಾರದೆಂಬದು ಆ ಶಾಸ್ತ್ರಕಾರನಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಒಂದು ಮಾತನ್ನು ಎಚ್ಚರಿಸುವದು ಅವಶ್ಯ. ಈ ವಿಭಾಗದಲ್ಲಿ ನಿದ್ರೆಗೆಂದೇ ಬಿಟ್ಟದ್ದು ಇರುಳಿನ ನಾಲ್ಕನೆಯ ಮತ್ತು ಐದನೆಯ ಭಾಗಗಳು, ಎಂದರೆ ಮೂರು ತಾಸು ಮಾತ್ರ. ಇದನ್ನು ಓದಿ, ನಿದ್ದೆಗೆಡುವದೇ ಕಾರ್ಯದಕ್ಷತೆಯೆಂದು ತಿಳಿಯುವ ತರುಣರುಂಟು. ಅದು ತಪ್ಪು. ಅದೇ ಅಧ್ಯಾಯದಲ್ಲಿ, ತನ್ನ ಶಕ್ತಿಗೆ ಅನುಸಾರವಾಗಿ ಹಗಲಿರುಳುಗಳನ್ನು ಬೇರೆ ರೀತಿಯಾಗಿ ವಿಭಾಗಿಸಿಕೊಳ್ಳಬಹುದೆಂದು ಕೌಟಿಲ್ಯನೇ ಅಪ್ಪಣೆ ಕೊಟ್ಟಿದ್ದಾನೆ. ವೈದ್ಯಶಾಸ್ತ್ರವಾದರೋ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರಕ್ಕೆ ಊರೆಗೋಲುಗಳೆಂದೇ ಹೇಳುತ್ತದೆ. ಊರೆಗೋಲನ್ನು ಕಿತ್ತು ಮನೆ ಕಟ್ಟಿದವರಾರು?

ಆದರೆ ಆ ಅಧ್ಯಾಯದಲ್ಲಿ ಕಾಲವಿಭಾಗಕ್ಕಿಂತಲೂ ಬೆಲೆಯುಳ್ಳದ್ದು ಅದರ ಮುಂದಿನ ಮಾತು. ಸಭೆಯಲ್ಲಿ ಕುಳಿತ ರಾಜನು ಕಾರ್ಯಾರ್ಥಿಗಳಾಗಿ ಬಂದವರನ್ನು ಬಾಗಿಲಲ್ಲಿ ಕಾಯಿಸಕೂಡದು. ಪ್ರಜೆಗಳಿಗೆ ದರ್ಶನವೇ ದುರ್ಲಭವಾದ ರಾಜನಿಂದ ಸಮೀಪದಲ್ಲಿರುವವರು ಮಾಡಬೇಕಾದ್ದನ್ನು ಬಿಡಿಸುತ್ತಾರೆ, ಮಾಡಬಾರದ್ದನ್ನು ಮಾಡಿಸುತ್ತಾರೆ. ಅದರಿಂದ ಪ್ರಜೆಗಳು ಸಿಟ್ಟಾಗುತ್ತಾರೆ, ಇಲ್ಲವೆ ರಾಜನು ಶತ್ರುವಿನ ವಶನಾಗುತ್ತಾನೆ. ಬಂದವರ ಕಾರ್ಯಗಳನ್ನು ನೋಡುವ ಕ್ರಮದಲ್ಲಿ ಬಾಲರು, ವೃದ್ಧರು, ರೋಗಿಗಳು, ಕಷ್ಟದಲ್ಲಿರುವವರು, ಅನಾಥರು, ಸ್ತ್ರೀಯರು ಇವರನ್ನೆಲ್ಲ ಹೆಸರಿಸಿ, ಆ ಕ್ರಮವನ್ನಾದರೂ ಕಾರ್ಯದ ತುರ್ತನ್ನು ನೋಡಿ ಮೀರಬಹುದೆಂದು ಹೇಳಿದ್ದಾನೆ. ತುರ್ತಿನ ಕಾರ್ಯವನ್ನು ಆ ಕ್ಷಣವೇ ಕೇಳಬೇಕು. ಮುಂದೂಡಿದ ಕಾರ್ಯವು ಕಷ್ಟಸಾಧ್ಯವಾಗುತ್ತದೆ, ಕಡೆಗೆ ಅಸಾಧ್ಯವೂ ಆಗುತ್ತದೆ. ಅಂದಬಳಿಕ, ರಾಜನ ಹಗಲು ಅಷ್ಟು ಕಟ್ಟುನಿಟ್ಟಾಗಿ ವಿಭಾಗಿಸಲ್ಪಟ್ಟದ್ದು ಯಾತಕ್ಕೆ? ಬಾಗಿಲಲ್ಲಿ ನಿಂತವನು ವೃಥಾ ನಿಲ್ಲಬಾರದೆಂಬದಕ್ಕಾಗಿಯೇ. ವ್ಯವಸ್ಥೆಯೆಂಬದು ನಮ್ಮ ಸೌಕರ್ಯಕ್ಕೆಂದು ಬಹುಜನರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಎದುರಿನವನಿಗೆ ಸಲ್ಲಬೇಕಾದ ಋಣ.

ಇದೇ ತೊಡಕು ದೂರದ ಅಮೇರಿಕೆಯಲ್ಲಿಯೂ ಒಬ್ಬ ಬುದ್ಧಿವಂತನನ್ನು ಕಾಡಿತು. ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಬೋಸ್ಟನ್ ಪಟ್ಟಣದಲ್ಲಿ, ಮೇಣಬತ್ತಿ ಸಾಬೂನು ಮಾಡುವವನ ಮಗನಾಗಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯವನ್ನು ನಡೆಯಿಸಿ, ವಿದ್ಯುತ್ತಿನ ಸಂಶೋಧನೆಯಿಂದಲೂ ರಾಜಕಾರಣದಿಂದಲೂ ಹೆಸರಾದವನು. ತರುಣನಾಗಿದ್ದಾಗ ಆತನು ಹದಿಮೂರು ಗುಣಗಳ ಯಾದಿಯೊಂದನ್ನು ಮಾಡಿಕೊಂಡಿದ್ದನು. ಅದರಲ್ಲಿ ಮೂರನೆಯದು ವ್ಯವಸ್ಥೆ: ಪ್ರತಿ ವಸ್ತುವಿಗೂ ಒಂದು ಸ್ಥಾನ, ಪ್ರತಿ ಕೆಲಸಕ್ಕೂ ಒಂದು ಕಾಲ. ಚಿಕ್ಕ ಪುಸ್ತಕದಲ್ಲಿ ಗುಣಕ್ಕೊಂದು ಪುಟ, ಪುಟಕ್ಕೆ ಏಳು ವಾರಗಳ ಏಳು ಮನೆ. ತಪ್ಪಿದ ದಿನ ಆ ಮನೆಯಲ್ಲೊಂದು ಕಪ್ಪು ಚುಕ್ಕೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವು ತೂತುಬೀಳಲು, ಆತನು ದಂತದ ಹಾಳೆಗಳ ಮೇಲೆ ಕೆಂಪು ಮಸಿಯಿಂದ ಗೆರೆ ಹಾಕಿ, ಚುಕ್ಕೆಯನ್ನು ಪೆನ್ಸಿಲಿನಿಂದಿಟ್ಟು ಒದ್ದೆಯಾಗಿ ಒರಸತೊಡಗಿದನು. ದಿನಚರಿಯನ್ನೂ ಬರೆದಿಟ್ಟಿದ್ದನು: ಬೆಳಗಿನ ಐದು ತಾಸಿಗೆ ಏಳುವದು, ಈ ದಿನ ಮಾಡತಕ್ಕ ಒಳ್ಳೆಯದೇನೆಂದು ಯೋಚಿಸುವದು, ಎರಡು ಹೊತ್ತು ಕೆಲಸ, ನಡುವೆ ಓದು, ಲೆಕ್ಕಪತ್ರ ಮತ್ತು ಊಟ, ಸಂಜೆ ವಸ್ತುಗಳನ್ನು ಅವುಗಳ ಸ್ಥಾನದಲ್ಲಿಡುವದು, ಹತ್ತಕ್ಕೆ ನಿದ್ರೆ.

ಫಲವೇನಾಯಿತು? 1784ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಪ್ಯಾರಿಸ್ ಸಮೀಪದ ಪಾಸಿಯಲ್ಲಿದ್ದುಕೊಂಡು ಆತ್ಮಚರಿತ್ರೆಯ ಈ ಭಾಗವನ್ನು ಬರೆಯುವಾಗ, ಎಲ್ಲಾ ಗುಣಗಳಲ್ಲಿ ವ್ಯವಸ್ಥೆಯೇ ತನ್ನನ್ನು ಅತ್ಯಂತ ದಣಿಸಿತೆಂದು ಆತನು ನಿಸ್ಸಂಕೋಚವಾಗಿ ಒಪ್ಪಿಕೊಂಡನು. ಕೂಲಿಯಿಂದ ದುಡಿಯುವ ಮುದ್ರಕನಿಗೆ ಈ ದಿನಚರಿ ಸಾಧ್ಯವಾದೀತು. ವ್ಯವಹಾರದವರು ತಮತಮಗೆ ಅನುಕೂಲವಾದ ವೇಳೆಗೆ ಬಂದು ಕಾಣುವ ಯಜಮಾನನಿಗೆ ಸಾಧ್ಯವಾಗದು ಎಂದನು. ನೆನಪು ಚುರುಕಾಗಿದ್ದಾಗ ಇದರ ಕೊರತೆ ತೋರಲಿಲ್ಲ, ಮುಪ್ಪಿನಲ್ಲಿ ಚೆನ್ನಾಗಿ ತೋರಿತೆಂದೂ ಬರೆದನು. ಕೊಡಲಿಯ ಮೈಯೆಲ್ಲ ಬಾಯಿಯಂತೆ ಹೊಳೆಯಬೇಕೆಂದು ಬಯಸಿ, ಕಮ್ಮಾರನ ಸಾಣೆಯ ಗಾಲಿಯನ್ನು ತಾನೇ ತಿರುಗಿಸಿ ಸೋತು, ಕಡೆಗೆ ಚುಕ್ಕೆಯುಳ್ಳ ಕೊಡಲಿಯೇ ತನಗೆ ಮೆಚ್ಚೆಂದು ಹೊತ್ತುಕೊಂಡು ಹೋದವನ ಕಥೆಯನ್ನು ಅಲ್ಲಿಯೇ ಹೇಳಿ ನಕ್ಕಿದ್ದಾನೆ.

ಈ ಇಬ್ಬರನ್ನು ಒತ್ತಟ್ಟಿಗೆ ಇಟ್ಟು ನೋಡಿದರೆ ಒಂದು ಭೇದವು ಕಾಣುತ್ತದೆ. ಫ್ರಾಂಕ್ಲಿನ್ನನ ದಿನಚರಿಯಲ್ಲಿ ಬಂದವರಿಗೆಂದು ಒಂದು ಮನೆಯೂ ಇಲ್ಲ. ಆದುದರಿಂದ ಬಂದವರೆಲ್ಲರೂ ದಿನಚರಿಯನ್ನು ಕೆಡಿಸುವವರೇ ಆದರು. ಕೌಟಿಲ್ಯನಾದರೋ ಹಗಲಿನ ಎರಡನೆಯ ಭಾಗವನ್ನೇ ಬಂದವರಿಗೆ ಬಿಟ್ಟನು. ಇಂದು ಬಾಗಿಲು ತಟ್ಟುವವರಿಗಿಂತ ಕಿಸೆಯೊಳಗಿನ ದೂರವಾಣಿಯಿಂದ ಕರೆಯುವವರೇ ಹೆಚ್ಚು. ಅವರಿಗೂ ದಿನದಲ್ಲಿ ಒಂದು ಭಾಗವನ್ನು ಗೊತ್ತುಮಾಡಿ ತಿಳಿಸಿಟ್ಟರೆ, ಉಳಿದ ಭಾಗಗಳು ಕೆಲಸಕ್ಕೆ ಉಳಿಯುತ್ತವೆ.

ಇನ್ನು ಮನೆಯ ಮಾತು. ಇಲ್ಲಿ ತಾಯಂದಿರಿಗೆ ಉಪದೇಶ ಮಾಡಹೊರಡುವದು ಮೀನಿಗೆ ಈಸು ಕಲಿಸಿದಂತೆ. ಆದರೂ ಅರ್ಥಶಾಸ್ತ್ರದ ಕೋಷ್ಠಾಗಾರದ ಪ್ರಕರಣವನ್ನು ಕೇಳಿದರೆ ಅವರಿಗೆ ತಮ್ಮ ಅಡಿಗೆಮನೆಯನ್ನೇ ಕಂಡಂತಾದೀತು. ಧಾನ್ಯವನ್ನು ಎತ್ತರದಲ್ಲಿಡಬೇಕು, ಬೆಲ್ಲವನ್ನು ಒತ್ತಾಗಿ ಹೆಣೆದ ಕಟ್ಟುಗಳಲ್ಲಿಡಬೇಕು, ಎಣ್ಣೆ ತುಪ್ಪಗಳಿಗೆ ಮಣ್ಣಿನ ಅಥವಾ ಕಟ್ಟಿಗೆಯ ಪಾತ್ರೆ, ಉಪ್ಪಿಗೆ ನೆಲವೇ ಸಾಕು. ಬಂದುದರಲ್ಲಿ ಅರ್ಧವನ್ನು ಆಪತ್ತಿಗೆಂದು ಇಟ್ಟು ಅರ್ಧವನ್ನು ಬಳಸಬೇಕು. ಹೊಸದು ಬಂದಾಗ ಹಳೆಯದನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನಿಡಬೇಕು. ಹೊಸ ಜೋಳವನ್ನು ಹಳೆಯ ಜೋಳದ ಮೇಲೆಯೇ ಸುರಿದು, ತಳದ್ದು ಹುಳಹಿಡಿದ ಮೇಲೆ ಮೊರ ಹಿಡಿದು ಕೂಡುವವರು ಈ ಒಂದು ವಾಕ್ಯದ ಬೆಲೆಯನ್ನು ಬಲ್ಲರು.

ಆದರೆ ನಮ್ಮ ಮನೆಗಳಲ್ಲಿ ಒಂದು ದೋಷವುಂಟು. ವ್ಯವಸ್ಥೆಯಿದ್ದರೂ ಅದು ಒಬ್ಬರ ತಲೆಯೊಳಗೆ ಇರುತ್ತದೆ. ಅಡಕಲು ಗಡಿಗೆಗಳಲ್ಲಿ ಯಾವುದರೊಳಗೆ ಏನಿದೆಯೆಂಬದು ಅತ್ತೆಗೆ ಗೊತ್ತು. ಆಕೆ ಮಗಳ ಊರಿಗೆ ಹೋದ ದಿನವೇ ಅತಿಥಿಗಳು ಬರುತ್ತಾರೆ. ಸೊಸೆಯು ಐದು ಗಡಿಗೆಗಳನ್ನು ಇಳಿಸಿ ಆರನೆಯದರಲ್ಲಿ ಶ್ಯಾವಿಗೆಯನ್ನು ಕಾಣುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಇಳಿದಿರುತ್ತದೆ. ಇದು ನಗುವ ಮಾತಾಯಿತು. ಯಜಮಾನನ ವ್ಯವಹಾರವೂ ಹೀಗೆಯೇ ಅವನ ತಲೆಯೊಳಗೇ ಇದ್ದರೆ ನಗುವದಕ್ಕಾಗುವದಿಲ್ಲ. ಆತನು ಒಂದು ದಿನ ಅಕಸ್ಮಾತ್ತಾಗಿ ಲಿಂಗೈಕ್ಯನಾದರೆ, ಕೊಡತಕ್ಕವರು ಮೌನ ಧರಿಸುತ್ತಾರೆ, ಕೊಳ್ಳತಕ್ಕವರು ಬಾಗಿಲಿಗೆ ಬರುತ್ತಾರೆ. ಹೆಂಡತಿಯು ಯಾವುದು ದಿಟ, ಯಾವುದು ಸಟೆಯೆಂದು ತಿಳಿಯದೆ ಹೊಲದ ಕಾಗದಕ್ಕೆ ಹೆಬ್ಬೆರಳನ್ನು ಒತ್ತುತ್ತಾಳೆ. ಇಂಥದು ನಡೆಯದ ಊರು ಯಾವುದು? ರಾಜಭಂಡಾರದ ಸನ್ನಿಧಾತನಿಗೆ ಕೌಟಿಲ್ಯನು ವಿಧಿಸಿದ್ದು ಹೀಗಿದೆ: ನೂರು ವರ್ಷದ ಹಿಂದಿನ ಆಯವನ್ನಾದರೂ ಆತನು ತಿಳಿದಿರಬೇಕು, ಖರ್ಚೆಷ್ಟು ಉಳಿದದ್ದೆಷ್ಟು ಎಂದು ಕೇಳಿದಾಗ ತಡವರಿಸಕೂಡದು. ನೂರು ವರ್ಷದ್ದನ್ನು ಯಾವನೂ ನೆನಪಿನಲ್ಲಿಡಲಾರನು. ಬರೆದಿಟ್ಟಿದ್ದರೆ ಮಾತ್ರ ಹೇಳಬಲ್ಲನು. ಲೆಕ್ಕದ ವಿಷಯದಲ್ಲಿ ಇನ್ನೊಂದು ನ್ಯಾಯವೂ ಅಲ್ಲಿದೆ. ಲೆಕ್ಕ ಕೊಡುವವನು ಸಿದ್ಧನಾಗಿ ಬಂದಿರುವಾಗ ತೆಗೆದುಕೊಳ್ಳುವವನು ತಡಮಾಡಿದರೆ ತೆಗೆದುಕೊಳ್ಳುವವನಿಗೆ ದಂಡ. ಕೊಡುವವನೇ ತಡಮಾಡಿದರೆ ಅವನಿಗೆ ಇಮ್ಮಡಿ. ಕಾಯಿಸಿದವರು ಮೇಲಿನವರಾದರೂ ಬಿಡುಗಡೆಯಿಲ್ಲ.

ಬರೆದಿಡುವದರಲ್ಲಿ ಕನ್ನಡಿಗರು ಹಿಂದೆಬಿದ್ದವರಲ್ಲ. ಹಿಂದಿನ ಮಠಗಳಲ್ಲಿಯೂ ಶಾನುಭೋಗರ ಮನೆಗಳಲ್ಲಿಯೂ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕೂಡಿಸಿ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಅದರ ಮೇಲೆಯೇ ಬರೆಯಬಹುದಾಗಿತ್ತು. ಫ್ರಾಂಕ್ಲಿನ್ನನು ದಂತದ ಹಾಳೆಯಲ್ಲಿ ಕಂಡ ಅನುಕೂಲವು ನಮ್ಮ ಕಡತದಲ್ಲಿ ಆಗಲೇ ಇತ್ತು. ಕೀರ್ದಿ ಖತಾವಣಿಗಳ ಪದ್ಧತಿಯಂತೂ ಅಂಗಡಿಕಾರರಿಗೆ ಹೇಳಿಕೊಡಬೇಕಾದ್ದಲ್ಲ: ಆಯಾ ದಿನದ್ದು ಆಯಾ ದಿನವೇ ಕೀರ್ದಿಗೆ, ಅಲ್ಲಿಂದ ಆಸಾಮಿವಾರು ಖತಾವಣಿಗೆ. ಮನೆಗೆ ಇದರ ಕಾಲುಭಾಗವಾದರೂ ಬಂದರೆ ಸಾಕಾಗಿತ್ತು.

ಅರ್ಥಶಾಸ್ತ್ರವನ್ನು ಇಷ್ಟು ಸಾರೆ ಹೆಸರಿಸಿದ ಮೇಲೆ, ಆ ಗ್ರಂಥವು ನಮಗೆ ದೊರೆತ ಬಗೆಯನ್ನೂ ಹೇಳತಕ್ಕದ್ದೇ. ಶತಮಾನಗಳ ಕಾಲ ಪಂಡಿತರಿಗೆ ಅದರ ಹೆಸರು ಗೊತ್ತಿತ್ತು, ಗ್ರಂಥವು ಕಣ್ಣಿಗೆ ಬಿದ್ದಿರಲಿಲ್ಲ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಯೋಲೆಯ ಕಟ್ಟನ್ನು ತಂದೊಪ್ಪಿಸಿದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಕಟ್ಟನ್ನು ಬಿಚ್ಚಿ, ಓದಿ, ಅದು ಏನೆಂದು ಗುರುತಿಸಿದರು. 1905ರಲ್ಲಿ ವಿದ್ವಾಂಸರಿಗೆ ವಿಷಯವು ತಿಳಿಯಿತು, 1909ರಲ್ಲಿ ಮೂಲವು ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದವು ಹೊರಬಿದ್ದಿತು. ಆ ಕಟ್ಟನ್ನು ಬಿಚ್ಚಿ ಯಾದಿಯಲ್ಲಿ ಬರೆಯುವವರು ಇಲ್ಲದೆ ಹೋಗಿದ್ದರೆ, ಈ ಹೊತ್ತು ಈ ಸಭೆಯಲ್ಲಿ ಅದರ ಮಾತೇ ಬರುತ್ತಿರಲಿಲ್ಲ.

ನಮ್ಮ ಮನೆಗಳ ಅಟ್ಟಗಳಲ್ಲಿ ಇಂದಿಗೂ ಬಿಚ್ಚದ ಕಟ್ಟುಗಳುಂಟು. ವರ್ಷಕ್ಕೊಮ್ಮೆ ಮಹಾನವಮಿಗೆ ಇಳಿಸಿ, ಧೂಳು ಒರಸಿ, ವಿಭೂತಿ ಹೂವು ಏರಿಸಿ ಮತ್ತೆ ಅಟ್ಟಕ್ಕೇರಿಸುವ ಪದ್ಧತಿಯು ಅನೇಕ ಮನೆಗಳಲ್ಲಿ ನಡೆದುಬಂದಿದೆ. ಬರುವ ಮಹಾನವಮಿಗೆ ಪೂಜೆಯಾದ ಮೇಲೆ ಅರ್ಧ ತಾಸು ತಡೆದು, ಆ ಕಟ್ಟಿನ ದಾರವನ್ನು ಮೆಲ್ಲಗೆ ಸಡಿಲಿಸಿ, ಗರಿಗಳ ಅನುಕ್ರಮವು ತಪ್ಪದಂತೆ ಎಣಿಸಿ, ಮೊದಲನೆಯ ಮತ್ತು ಕಡೆಯ ಗರಿಗಳಲ್ಲಿ ಓದಲು ಬರುವಷ್ಟನ್ನು ಒಂದು ಕಾಗದದ ಮೇಲೆ ಇಳಿಸಿಕೊಳ್ಳಬೇಕು. ಅಕ್ಷರ ತಿಳಿಯದಿದ್ದರೆ ಗರಿಗಳ ಸಂಖ್ಯೆಯನ್ನೂ ಕಟ್ಟಿನ ಉದ್ದಗಲವನ್ನೂ ಬರೆದರೆ ಸಾಕು. ಆ ಕಾಗದದ ಒಂದು ಪ್ರತಿಯನ್ನು ಕಟ್ಟಿನೊಡನೆಯೇ ಇಟ್ಟು, ಇನ್ನೊಂದನ್ನು ಶ್ರೀಮಠದ ಪಾಠಶಾಲೆಗೆ ಮುಟ್ಟಿಸಬೇಕು. ಹಾಗೆ ಬಂದ ಯಾದಿಗಳನ್ನು ಊರುವಾರು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಪಾಠಶಾಲೆಯ ವಿದ್ಯಾರ್ಥಿಗಳು ನೋಡಿಕೊಳ್ಳತಕ್ಕದ್ದು.