ಗಂಗೆಯ ಆಚೆ ದಂಡೆಯ ಜಕ್ಕವಕ್ಕಿ

(ಕಾಶಿಯ ಕಂಟೋನ್ಮೆಂಟಿನಲ್ಲಿ ತಂಗಿದ್ದ ಸಂಘದ ಯಾತ್ರಾ ತಂಡದೆದುರು ಮಾಡಿದ ಭಾಷಣ)



ನಾಳೆ ಬೆಳಿಗ್ಗೆ ನಾವೆಲ್ಲ ಈ ಕಂಟೋನ್ಮೆಂಟಿನಿಂದ ಹೊರಟು ಗಂಗೆಗೆ ಹೋಗುವವರು. ಸ್ನಾನ, ವಿಶ್ವನಾಥನ ದರ್ಶನ, ಜಂಗಮವಾಡಿ ಮಠದ ಭೇಟಿ, ಇವುಗಳ ವಿವರವನ್ನು ಕಾರ್ಯದರ್ಶಿಗಳು ಆಗಲೇ ತಿಳಿಸಿದ್ದಾರೆ. ನಮಗೆ ವಹಿಸಿರುವುದು ಹಕ್ಕಿಗಳ ವಿಷಯ. ಕೆಲವರು ನಕ್ಕರು. ನಗಲಿ. ವರ್ಷವಿಡೀ ಲೋಟ, ತಟ್ಟೆ, ಮಗ್ಗಗಳನ್ನೇ ನೋಡಿದ ಕಣ್ಣಿಗೆ ನಾಲ್ಕು ದಿನ ಬೇರೇನಾದರೂ ಬೇಡವೇ?

ದೋಣಿ ದಡ ಬಿಟ್ಟೊಡನೆ ಬಿಳಿಯ ಹಕ್ಕಿಗಳು ನಮ್ಮನ್ನು ಮುತ್ತುತ್ತವೆ. ದೋಣಿಯವರು ‘ಸೈಬೀರಿಯಾದ ಹಕ್ಕಿ’ ಎನ್ನುತ್ತಾರೆ. ಇವು ಕಡಲಕ್ಕಿಗಳು. ಕಂದು ತಲೆಯವು ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮೊಟ್ಟೆಯಿಡುತ್ತವೆ. ಕಪ್ಪು ತಲೆಯವು ಯೂರೋಪು ಮತ್ತು ಉತ್ತರ ಏಷ್ಯಾದವು. ಚಳಿಗಾಲದಲ್ಲಿ ಎರಡರ ತಲೆಯೂ ಬೆಳ್ಳಗಾಗಿ, ಕಣ್ಣಿನ ಹಿಂದೆ ಮಸಿಬೊಟ್ಟಿನಂಥ ಗುರುತು ಮಾತ್ರ ಉಳಿಯುತ್ತದೆ. ಹೆಸರು ಕೇಳಿ ಕಂದು ತಲೆಯನ್ನು ಹುಡುಕಬೇಡಿ.

ಅವಕ್ಕೆ ಎರಚಲು ಶೇವಿನ ಪೊಟ್ಟಣ ಮಾರಲು ಬರುತ್ತಾರೆ. ಕರಿದು ಉಪ್ಪು ಖಾರ ಹಾಕಿದ ಶೇವು ಮೀನು, ಹುಳು ತಿನ್ನುವ ಹಕ್ಕಿಗೆ ಸಲ್ಲದ ಆಹಾರ. ಹಾಗೆಂದು ಮಾರುವ ಹುಡುಗನ ಹೊಟ್ಟೆಯ ಮೇಲೆ ಹೊಡೆಯುವುದೂ ಬೇಡ. ಪೊಟ್ಟಣ ಕೊಳ್ಳಿ, ನೀವೇ ತಿನ್ನಿ. ಚಹಾದೊಡನೆ ಚೆನ್ನಾಗಿರುತ್ತದೆ.

ನಾವು ತೋರಿಸಬೇಕೆಂದಿರುವ ಹಕ್ಕಿ ಶೇವಿಗೆ ಬರುವುದಿಲ್ಲ. ಎಲ್ಲರೂ ಘಾಟಿನ ಕಡೆ ನೋಡುವಾಗ ನೀವು ಆಚೆಯ ಮರಳು ದಂಡೆಯ ಕಡೆ ತಿರುಗಿರಿ. ಅಲ್ಲಿ ಕಾವಿ ಬಣ್ಣದ ಮೈ, ಮಾಸಲು ಬಿಳುಪಿನ ತಲೆ, ಕಪ್ಪು ಬಾಲದ ದೊಡ್ಡ ಬಾತುಗಳು ಜೋಡಿ ಜೋಡಿಯಾಗಿ ಕೂತಿದ್ದರೆ ಅವೇ. ಎದ್ದಾಗ ರೆಕ್ಕೆಯಲ್ಲಿ ಅಗಲವಾದ ಬಿಳಿ ಕಾಣುತ್ತದೆ. ಕೊರಳಲ್ಲಿ ಕರಿಯ ಉಂಗುರವಿದ್ದರೆ ಗಂಡು. ಇಲ್ಲಿನವರು ಸುರ್ಖಾಬ್, ಚಕವಾ ಎನ್ನುತ್ತಾರೆ. ನಮ್ಮ ಹಳಗನ್ನಡ ಕವಿಗಳ ಜಕ್ಕವಕ್ಕಿ ಇದೇ! ತಾಳಮದ್ದಳೆ ಕೇಳಿದವರಿಗೆ ಚಕ್ರವಾಕವೆಂದರೆ ತಿಳಿದೀತು.

ರಾತ್ರಿಯಾದರೆ ಗಂಡು ಹೆಣ್ಣು ಅಗಲಿ, ನದಿಯ ಎರಡು ದಡಗಳಿಂದ ಕೂಗಿಕೊಳ್ಳುತ್ತವೆಂದು ಕವಿಗಳ ಮಾತು. ನಿಜಸಂಗತಿಯೆಂದರೆ ಈ ಹಕ್ಕಿ ಹೆಚ್ಚಾಗಿ ರಾತ್ರಿಯಲ್ಲಿ ಮೇಯುತ್ತದೆ. ಮೇಯುವಾಗ ದೂರ ದೂರವಾಗಿ ಒಂದನ್ನೊಂದು ಕರೆಯುತ್ತದೆ. ರಾತ್ರಿ ಪಾಳಿ ಮಾಡುವ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀನಾ, ಜಪಾನುಗಳಲ್ಲಿಯೂ ಮ್ಯಾಂಡರಿನ್ ಎಂಬ ಬಣ್ಣದ ಬಾತೊಂದನ್ನು ದಾಂಪತ್ಯದ ಗುರುತಾಗಿ ಎಣಿಸುತ್ತಾರೆ.

ಗದಗಿನ ಬಂಧುಗಳು ತಮ್ಮೂರಿಗೆ ಇಂಥದ್ದಿಲ್ಲವೆಂದು ತಿಳಿಯಬಾರದು. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಇವು ಹಿಮಾಲಯವನ್ನೇ ದಾಟಿ ಬರುವಂಥವು. 7,000 ಮೀಟರಿಗೂ ಮೇಲೆ ಹಾರಿದ್ದನ್ನು ಅಳೆದಿದ್ದಾರೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಕಟ್ಟಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಸ್ಥಾನ ಸಿಕ್ಕಿತು.

ಕಾಶಿಯ ದಂಡೆಗೆ ಆ ಭಾಗ್ಯವಿಲ್ಲ. ಇಲ್ಲಿಯ ಸುಮಾರು 7 ಕಿಲೋಮೀಟರ್ ಗಂಗೆಯನ್ನು 1989ರಲ್ಲಿ ಆಮೆಗಳ ಅಭಯಾರಣ್ಯ ಮಾಡಿದ್ದರು. 2020ರಲ್ಲಿ ಅದು ರದ್ದಾಯಿತು. 2023ರ ಜನವರಿಯಲ್ಲಿ ಆಚೆಯ ಮರಳ ಮೇಲೆ ಪ್ರವಾಸಿಗಳಿಗಾಗಿ ಡೇರೆಗಳ ಊರೇ ಎದ್ದಿತು. ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಡೇರೆಗಳಲ್ಲಿ ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು ನಮ್ಮ ಕಸುಬಿನವರೇ. ಅವರ ಕೂಲಿಯ ವಿಷಯದಲ್ಲಿ ನಮಗೆ ಅಸಡ್ಡೆಯಿಲ್ಲ. ಆದರೆ ಡೇರೆಯನ್ನು ಬೇರೆ ಬಯಲಿನಲ್ಲಿ ಹೊಡೆಯಬಹುದು, ಅಲ್ಲಿಯೂ ಅಷ್ಟೇ ಜನಕ್ಕೆ ಕೆಲಸ ಸಿಗುತ್ತದೆ. ಜನಸಂದಣಿಗೆ ಹೆದರುವ ಜಕ್ಕವಕ್ಕಿಗೆ ಬೇಕಾದುದು ನೀರಂಚಿನ ತೆರೆದ ಮರಳು. ಈ ಮಾತನ್ನು ಹಕ್ಕಿ ಪಂಡಿತರೇ ಆಡಲಿ ಎಂದು ಹೊಟೇಲಿನವರು ಸುಮ್ಮನಿರುವುದು ನಮಗೆ ಸರಿತೋರುವುದಿಲ್ಲ.

ದೋಣಿ ಆರು ಗಂಟೆಗೆ. ಚಳಿ ಬಹಳ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ದುರ್ಬೀನು ಒಂದೇ ಇದೆ; ಮಕ್ಕಳಿಗೆ ಮೊದಲು. ಮಂಜು ಕವಿದಿದ್ದರೆ ಆಚೆ ದಂಡೆ ಕಾಣದು, ಆಗ ಮಾತು ನಿಲ್ಲಿಸಿ ಕೂಗಿಗೆ ಕಿವಿಗೊಡಿ.