ಕುಡಿದು ಓಡಿಸಿದ ಕಾರೂ ಫುಟ್‌ಪಾತಿನ ನಿದ್ದೆಯೂ

(ಸಂಘದ ಮಾಸಿಕ ಸಭೆಯಲ್ಲಿ ನಮ್ಮ ಹೋಟೇಲು ವಿಭಾಗದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ನಾನು ಏಳನೆಯ ತರಗತಿಯವರೆಗೆ ಓದಿದವನು. ಕಂಡದ್ದನ್ನು ಹೇಳಬಲ್ಲೆನೇ ಹೊರತು ಭಾಷಣ ಮಾಡಲಾರೆ. ತಪ್ಪಿದ್ದರೆ ಹಿರಿಯರು ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಇವತ್ತಿನ ವಿಷಯ ಕೇಳಿ ಒಬ್ಬ ತಮ್ಮ ಬಾಗಿಲಲ್ಲೇ ನನ್ನನ್ನು ತಡೆದ. “ಕುಡಿದು ಕಾರು ಓಡಿಸುವುದು ಸಾಹುಕಾರರ ಮಕ್ಕಳ ಮಾತು. ನಮ್ಮ ಹತ್ತಿರ ಕಾರೆಲ್ಲಿದೆ ಅಣ್ಣ?” ಎಂದ. ನಮ್ಮ ಹತ್ತಿರ ಕಾರಿಲ್ಲ, ನಿಜ. ಆದರೆ ಆ ಕಾರು ಹರಿಯುವುದು ಯಾರ ಮೇಲೆ? ಅದನ್ನು ಓಡಿಸುವವನ ಗ್ಲಾಸು ತುಂಬುವವರು ಯಾರು? ಈ ಎರಡು ಪ್ರಶ್ನೆಗಳಿಗಾಗಿಯೇ ನಾನು ಎದ್ದು ನಿಂತಿದ್ದೇನೆ.

2006ನೆಯ ಇಸವಿ ನವೆಂಬರ್ 12. ಬಾಂದ್ರಾದ ಕಾರ್ಟರ್ ರೋಡು. ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತು. ಕೂಲಿಕಾರರು ಫುಟ್‌ಪಾತಿನ ಮೇಲೆ ಮಲಗಿದ್ದರು. ಅತಿವೇಗದಿಂದ ಬಂದ ಒಂದು ಕಾರು ಅವರ ಮೇಲೆ ಹರಿಯಿತು. ಏಳು ಜನ ಸತ್ತರು. ಎಂಟು ಜನ ಗಾಯಗೊಂಡರು. ಕಾಯಿದೆಯ ಮಿತಿ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ. ಕಾರು ಓಡಿಸಿದ ತರುಣನ ರಕ್ತದಲ್ಲಿ 112 ಸಿಕ್ಕಿತು.

ಆಗ ನನಗೆ ಹದಿನೇಳು ವರ್ಷ. ಅಲ್ಲಿಗೆ ಬಹಳ ದೂರವಲ್ಲದ ಒಂದು ಹೋಟೇಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ. ರಾತ್ರಿ ಶೆಟರು ಎಳೆದ ಮೇಲೆ ನಾವು ಒಂಬತ್ತು ಜನ ಎದುರಿನ ಫುಟ್‌ಪಾತಿನಲ್ಲೇ ಚಾಪೆ ಹಾಸುತ್ತಿದ್ದೆವು. ಆ ದಿನ ಹಾಲು ತಂದವನೇ ಸುದ್ದಿಯನ್ನೂ ತಂದ. ರಾತ್ರಿ ಚಾಪೆ ಹಿಡಿದು ನಿಂತೆವು. ಯಾರಿಗೂ ಹಾಸಲು ಮನಸ್ಸಾಗಲಿಲ್ಲ. ಗಲ್ಲೆಯ ಮೇಲಿದ್ದವರು, “ಹೆದರಬೇಡಿ, ಗೋಡೆ ಕಡೆಗೆ ಸರಿದು ಮಲಗಿ” ಎಂದರು. ಅಮಲೇರಿದವನ ಕಾರಿಗೆ ಗೋಡೆ ಯಾವುದು, ರಸ್ತೆ ಯಾವುದು?

ಮೂರು ರಾತ್ರಿ ಕೂತೇ ಕಳೆದೆವು. ನಾಲ್ಕನೆಯ ದಿನ ಒಂಬತ್ತು ಜನರೂ ಧಣಿಗಳ ಮುಂದೆ ಹೋಗಿ ನಿಂತೆವು. ಜಗಳವಾಡಲಿಲ್ಲ. “ರಾತ್ರಿ ಮೇಜು ಕುರ್ಚಿ ಒಳಗಿರುತ್ತವೆ, ನಾವು ಹೊರಗಿರುತ್ತೇವೆ. ನಮಗೂ ಒಳಗೆ ಜಾಗ ಕೊಡಿ” ಎಂದೆವು. ಒಬ್ಬನೇ ಕೇಳಿದ್ದರೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸುತ್ತಿದ್ದರು. ಒಂಬತ್ತು ಜನರನ್ನೂ ಕಳಿಸಿದರೆ ಬೆಳಿಗ್ಗೆ ಇಡ್ಲಿ ಬೇಯಿಸುವವರು ಯಾರು? ಆ ರಾತ್ರಿ ಒಳಗೆ ಮಲಗಿದೆವು. ನಾನು ಸಂಘದವನಾದದ್ದು ಆ ರಾತ್ರಿಯೇ.

ಇನ್ನು ಕೋರ್ಟಿನ ಕಥೆ. 2007ರ ಏಪ್ರಿಲಿನಲ್ಲಿ ಸೆಷನ್ಸ್ ಕೋರ್ಟು ಅದನ್ನು ಅಲಕ್ಷ್ಯದಿಂದಾದ ಸಾವೆಂದು ಎಣಿಸಿ ಆರು ತಿಂಗಳ ಸಜೆ, 5 ಲಕ್ಷ ರೂಪಾಯಿ ದಂಡ ವಿಧಿಸಿತು. ಏಳು ಜೀವಕ್ಕೆ ಆರು ತಿಂಗಳು! ಆಮೇಲೆ ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಇದು ಕೊಲೆಯಲ್ಲದ ನರಹತ್ಯೆಯೆಂದು ತೀರ್ಮಾನಿಸಿ ಮೂರು ವರ್ಷ ಕೊಟ್ಟಿತು. 2012ರ ಜನವರಿ 12ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಮೂರು ವರ್ಷ ತೀರ ಕಡಿಮೆಯೆಂದೂ ಹೇಳಿತು. ಆದರೆ ಹೆಚ್ಚಿಸಲಿಲ್ಲ. ಯಾಕೆ? ಹೆಚ್ಚಿಸಬೇಕೆಂದು ಸರ್ಕಾರ ಅಲ್ಲಿಗೆ ಮೇಲ್ಮನವಿಯನ್ನೇ ಹಾಕಿರಲಿಲ್ಲ. ಬಂಧುಗಳೇ, ಕೇಳುವವರಿಲ್ಲದ ಕಡೆ ದೇಶದ ಅತಿ ದೊಡ್ಡ ಕೋರ್ಟಿನ ಕೈಯೂ ಅಲ್ಲಿಗೇ ನಿಂತಿತು.

“ಫುಟ್‌ಪಾತು ಮಲಗುವ ಜಾಗವೇ?” ಎಂದು ಕೇಳುವವರಿದ್ದಾರೆ. ಅಲ್ಲ. ಆದರೆ ಕಾರು ಓಡಿಸುವ ಜಾಗವೂ ಅಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ 1996ರ ಕಾಯಿದೆ ಆಗ ಜಾರಿಯಲ್ಲಿತ್ತು. ಕೆಲಸದ ಜಾಗದಲ್ಲೋ ಅದಕ್ಕೆ ಹತ್ತಿರದಲ್ಲೋ ಮಾಲಿಕನು ಕಾರ್ಮಿಕರಿಗೆ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕೆಂದು ಅದರಲ್ಲಿ ಬರೆದಿತ್ತು. ಕಾಗದದಲ್ಲಿ ಬರೆದ ಸೂರು ಮಳೆಯನ್ನೂ ತಡೆಯುವುದಿಲ್ಲ, ಕಾರನ್ನೂ ತಡೆಯುವುದಿಲ್ಲ. ಅದನ್ನು ಕೇಳಿ ಪಡೆಯಬೇಕು.

ಈಗ ನಮ್ಮ ತಪ್ಪಿನ ಮಾತು. ಅದನ್ನು ಮುಚ್ಚಿಟ್ಟು ಪರರ ತಪ್ಪು ಹೇಳುವುದು ಸರಿಯಲ್ಲ.

ದೊಡ್ಡವನಾದ ಮೇಲೆ ನಾನು ಒಂದು ಪರ್ಮಿಟ್ ರೂಮಿನಲ್ಲಿ ವೇಟರಾಗಿದ್ದೆ. ಒಂದು ರಾತ್ರಿ ಒಬ್ಬ ಗಿರಾಕಿ ಏಳುವಾಗ ತೂರಾಡಿದ. ಕಾರಿನ ಕೀಲಿ ಕೈಜಾರಿ ಮೇಜಿನ ಕೆಳಗೆ ಬಿತ್ತು. ಬಗ್ಗಿ ಹುಡುಕಲು ಅವನಿಂದ ಆಗಲಿಲ್ಲ. ನಾನೇ ಹೆಕ್ಕಿ ಕೈಗೆ ಕೊಟ್ಟೆ. ಐವತ್ತು ರೂಪಾಯಿ ಟಿಪ್ಸು ಕೊಟ್ಟ. ಸಲಾಮು ಹೊಡೆದು ಬಾಗಿಲು ತೆರೆದೆ. ಫುಟ್‌ಪಾತಿನಲ್ಲಿ ಮಲಗಿ ಬಂದ ಮನುಷ್ಯ ನಾನು! ಅವನು ಮನೆ ಮುಟ್ಟಿದನೋ, ದಾರಿಯಲ್ಲಿ ಯಾರ ಮೇಲಾದರೂ ಹರಿದನೋ ನನಗೆ ಗೊತ್ತಿಲ್ಲ. ಮರುದಿನ ಪೇಪರು ಬಿಡಿಸಲು ಕೈ ನಡುಗಿತು. ಆ ಐವತ್ತು ರೂಪಾಯಿಯ ನೆನಪು ಇವತ್ತಿಗೂ ಹೋಗಿಲ್ಲ.

2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನಿದ್ದ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ತರುಣ ಇಂಜಿನಿಯರರು ಸತ್ತರು. ಅವನಿಗೆ ಸಿಕ್ಕಿದ ಮೊದಲ ಜಾಮೀನಿನ ಷರತ್ತುಗಳಲ್ಲಿ ಮುನ್ನೂರು ಪದದ ಪ್ರಬಂಧ ಬರೆಯುವುದೂ ಒಂದು. ದೇಶವೆಲ್ಲ ಅದನ್ನು ಮಾತಾಡಿತು. ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ವಯಸ್ಸಾಗದವನಿಗೆ ಮದ್ಯ ಕೊಟ್ಟರೆಂದು ಪೋಲೀಸರು ಬಾರುಗಳ ಮ್ಯಾನೇಜರರನ್ನೂ ಬಂಧಿಸಿದರು. ಅವರು ಸಂಬಳಕ್ಕೆ ದುಡಿಯುವವರು, ನಮ್ಮಂಥವರು.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಕುಡಿದವನ ಕೈಗೆ ಕೀಲಿ ಕೊಡುವ ಮೊದಲು “ಸಾಹೇಬರೇ, ಟ್ಯಾಕ್ಸಿ ಕರೆಯಲೇ?” ಎಂದು ಕೇಳಿರಿ. ಒಬ್ಬ ಮಾಣಿ ಕೇಳಿದರೆ ಗದರಿಸಿಯಾರು. ಹೋಟೇಲಿನ ಎಲ್ಲ ಮಾಣಿಗಳೂ ಕೇಳಿದರೆ ಅದು ಹೋಟೇಲಿನ ಪದ್ಧತಿಯಾಗುತ್ತದೆ. ನಮ್ಮ ಹುಡುಗರೂ ಕುಡಿದು ಬೈಕು ಹತ್ತಬಾರದು. ಆ 30ರ ಮಿತಿ ಕಾರಿಗೂ ಒಂದೇ, ಬೈಕಿಗೂ ಒಂದೇ. ಇವತ್ತಿಗೂ ಹೊರಗೆ ಮಲಗುವವರು ಎದ್ದು ಹೋಗುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿರಿ. ಧಣಿಗಳ ಹತ್ತಿರ ಒಟ್ಟಾಗಿ ಹೋಗೋಣ.

ಅಪಘಾತ ಕಂಡರೆ ಗಾಡಿಯ ನಂಬರು ಬರೆದುಕೊಳ್ಳಿ, ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿ. ನೆರವಾದವರು ಹೆಸರು ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ. 2019ರ ತಿದ್ದುಪಡಿ ಆ ರಕ್ಷಣೆ ಕೊಟ್ಟಿದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯಿದೆ ಆರು ತಿಂಗಳ ಗಡುವು ಬರೆದಿದೆ. ಗಾಡಿ ಸಿಗದೆ ಹೋದರೂ ಸತ್ತವರ ಮನೆಯವರಿಗೆ 2 ಲಕ್ಷ ರೂಪಾಯಿಯ ಪರಿಹಾರವಿದೆ. ಊರಿನಲ್ಲಿರುವ ತಾಯಿಗೆ ಇದೆಲ್ಲ ಗೊತ್ತಿರುವುದಿಲ್ಲ. ಹೇಳುವವರು ನಾವೇ ಆಗಬೇಕು.

ಕಾರ್ಟರ್ ರೋಡಿನ ಆ ಏಳು ಜನ ನಮ್ಮ ಭಾಷೆಯವರೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ. ಹಗಲು ದುಡಿದು ದಣಿದವರು, ಮಲಗಿದ್ದರು. ಅಷ್ಟು ಗೊತ್ತಾದರೆ ಸಾಕು, ಅವರು ನಮ್ಮವರು.