ಯೋಚನೆ ನಿಲ್ಲದ ರಾತ್ರಿಗೆ 5-4-3-2-1

ರಾತ್ರಿ ಎರಡು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ, ನಿಮ್ಮ ತಲೆ ಮಾತ್ರ ಓಡ್ತಾನೇ ಇದೆ. ಮಗಳ ಫೀಸು, ಅಮ್ಮನ ಸ್ಕ್ಯಾನ್ ರಿಪೋರ್ಟು, ಮ್ಯಾನೇಜರ್ ಕಳಿಸಿದ ‘ನಾಳೆ ಮಾತಾಡೋಣ’ ಅನ್ನೋ ಮೆಸೇಜು. ‘ಯೋಚನೆ ಮಾಡ್ಬೇಡ’ ಅಂತ ನಿಮಗೆ ನೀವೇ ಹೇಳ್ಕೊಂಡಷ್ಟೂ ಅದು ಜಾಸ್ತಿಯಾಗುತ್ತೆ, ಅಲ್ವಾ?

ಅದರ ಜೊತೆ ವಾದಕ್ಕೆ ಇಳಿಯಬೇಡಿ. ಗಮನಕ್ಕೆ ಬೇರೆ ಕೆಲಸ ಕೊಡಿ. ಇದಕ್ಕೆ ಗ್ರೌಂಡಿಂಗ್ ಅಂತಾರೆ. ಹೆಚ್ಚು ಬಳಕೆಯಲ್ಲಿರೋದು 5-4-3-2-1: ಕಣ್ಣಿಗೆ ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕಿವಿಗೆ ಬೀಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ಆದ್ರೆ ‘ಫ್ಯಾನು, ಗೋಡೆ, ಕಿಟಕಿ’ ಅಂತ ಹಾಜರಿ ಕೂಗಿ ಮುಗಿಸಿದರೆ ಏನೂ ಆಗಲ್ಲ. ಫ್ಯಾನು ಎಷ್ಟು ಸುತ್ತಿಗೊಮ್ಮೆ ಕಿರುಗುಟ್ಟುತ್ತೆ? ಕಂಬಳಿ ಎಲ್ಲಿ ಚುಚ್ಚುತ್ತೆ? ಬರಿಗಾಲಿಗೆ ನೆಲ ಎಷ್ಟು ತಣ್ಣಗಿದೆ? ಹೀಗೆ ವಿವರಕ್ಕೆ ಇಳಿದಾಗಲೇ ಚಿಂತೆಗೆ ಜಾಗ ಕಡಿಮೆಯಾಗೋದು.

ಎದೆ ಡವಡವ ಅಂತಿದ್ರೆ ಮೊದಲು ಉಸಿರು. ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತೆ, ಅದಕ್ಕೇ ಬಿಡೋದು ಉದ್ದವಾಗಿರಲಿ. ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ. ಕೆಲವರಿಗೆ ಮುಚ್ಚಿದರೇ ಭಯ ಹೆಚ್ಚು.

ಇದರಿಂದ ಫೀಸು ಕಟ್ಟಿದ ಹಾಗಾಗಲ್ಲ, ನಿಜ. ರಿಪೋರ್ಟೂ ಅದು ಬರೋ ಹೊತ್ತಿಗೇ ಬರೋದು. ವಾರಗಟ್ಟಲೆ ನಿದ್ದೆಯಿಲ್ಲ, ದಿನದ ಕೆಲಸವೇ ಆಗ್ತಿಲ್ಲ ಅಂದ್ರೆ ಈ ಉಪಾಯಗಳಷ್ಟೇ ಸಾಲವು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿ, 14416. ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.